ಗೇಟು ಮುಚ್ಚಿದ ರಸ್ತೆಯಲ್ಲಿ ಉಮ್ಮನ ಸೈಕಲ್

ಬ್ಯಾರಿಗಳಿಗೆ ಸೈಕಲ್ ಹೊಸತಲ್ಲ. ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತಾ ಊರೂರು ಸುತ್ತಿದವರು ನಮ್ಮ ಕಾಕಂದಿರೇ. ಆ ಹಾರ್ನ್ ಕೇಳಿದರೆ ಮನೆಯವರಿಗಿಂತ ಮೊದಲು ಬೆಕ್ಕು ಅಂಗಳಕ್ಕೆ ಇಳಿಯುತ್ತಿತ್ತು. ಬೀಡಿಯ ಕಟ್ಟು ಬ್ರಾಂಚಿಗೆ ಹೋದದ್ದೂ ಸೈಕಲಿನಲ್ಲೇ. ಆದರೆ ಆ ಸೈಕಲ್ ದುಡಿಮೆಯದ್ದು, ಗಂಡಸರದ್ದು. ರಾತ್ರಿ ಹಗಲು ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರು ಅದರ ಸೀಟಿನ ಮೇಲೆ ಕುಳಿತದ್ದು ಬಹಳ ಕಡಿಮೆ.

ಈಗ ಮೀನು ಆಟೊದಲ್ಲಿ, ಸ್ಕೂಟರಿನಲ್ಲಿ ಬರುತ್ತದೆ. ಸೈಕಲ್ ಮಕ್ಕಳ ಆಟದ ಸಾಮಾನು. ಅದೂ ಅಂಗಳದಲ್ಲಿ ಮಾತ್ರ. ಗೇಟು ದಾಟಿದರೆ ರಸ್ತೆ, ರಸ್ತೆ ಎಂದರೆ ಟಿಪ್ಪರ್, ಎಕ್ಸ್‌ಪ್ರೆಸ್ ಬಸ್ಸು. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಮನೆಯವರು ಮಗುವನ್ನು ಸೈಕಲಿನಲ್ಲಿ ಅಂಗಡಿಗೆ ಕಳಿಸುವುದಿಲ್ಲ, ಕಳಿಸಬೇಕೆಂದು ಯಾರೂ ಹೇಳುವಂತೆಯೂ ಇಲ್ಲ.

ಸರಕಾರವೇ ಒಮ್ಮೆ ಸೈಕಲ್ ಕೊಟ್ಟಿತ್ತು. 2006-07ರಲ್ಲಿ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯಿತು, ಆಮೇಲೆ ಗಂಡುಮಕ್ಕಳಿಗೂ ಸಿಕ್ಕಿತು. ಗದಗ ಜಿಲ್ಲೆ ರೋಣದ ಕಡೆಯ ಅಸೂಟಿಯಂಥ ಬಯಲುಸೀಮೆಯ ಊರಿನಿಂದ ನಮ್ಮ ಉಳ್ಳಾಲದ ತನಕ ಒಂದೇ ಯೋಜನೆ. ಆದರೆ ಬಯಲಿನಲ್ಲಿ ಸಮತಟ್ಟು ದಾರಿ, ಇಲ್ಲಿ ಗುಡ್ಡದ ಏರು, ತಿರುವು, ತಿರುವಿನಲ್ಲಿ ಬಸ್ಸು. ಸೈಕಲ್ ಕೊಟ್ಟರೆ ಸಾಲದು, ತುಳಿಯಲು ಜಾಗವೂ ಬೇಕು ಎಂಬುದು ನಮಗೆ ಆಗಲೇ ಗೊತ್ತಾಗಿತ್ತು.

ಆ ಜಾಗ ಹೇಗಿರುತ್ತದೆ ಎಂದು ನೋಡಬೇಕಾದರೆ ರವಿವಾರ ಬೆಳಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಬೇಕು. 1870ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನವಿದು. ಸುಮಾರು 300 ಎಕರೆ, ಒಂದು ಕಡೆ ಹೈಕೋರ್ಟ್, ಇನ್ನೊಂದು ಕಡೆ ಕಸ್ತೂರಬಾ ರಸ್ತೆ. ಒಳಗೆ ಹಳೆಯ ಮರಗಳ ನೆರಳಿನಲ್ಲಿ ಡಾಂಬರು ರಸ್ತೆಗಳಿವೆ. ವಾರದ ದಿನ ಅವು ಕಾರು, ಆಟೊಗಳಿಗೆ ಸಿಗ್ನಲ್ ತಪ್ಪಿಸುವ ಅಡ್ಡದಾರಿ. ರವಿವಾರ ಮತ್ತು ಸರಕಾರಿ ರಜೆಯ ದಿನ ಗೇಟು ಮುಚ್ಚುತ್ತಾರೆ. ಅಷ್ಟೇ ಮಾಡಿದ್ದು. ಹೊಸ ರಸ್ತೆ ಹಾಕಲಿಲ್ಲ, ಮರ ಕಡಿಯಲಿಲ್ಲ, ಕೋಟಿಗಟ್ಟಲೆ ಖರ್ಚೂ ಇಲ್ಲ. ಅದೇ ಡಾಂಬರಿನ ಮೇಲೆ ಮೂರು ಚಕ್ರದ ಪುಟ್ಟ ಸೈಕಲಿನಿಂದ ಹಿಡಿದು ಗೇರ್ ಸೈಕಲಿನ ತನಕ ಎಲ್ಲವೂ ಉರುಳುತ್ತವೆ.

ಬೆಂಗಳೂರಿನಲ್ಲಿ ‘ಸೈಕಲ್ ದಿನ’ 2013ರಲ್ಲಿ ಶುರುವಾದದ್ದೂ ನಗರ ಭೂಸಾರಿಗೆ ನಿರ್ದೇಶನಾಲಯದಿಂದ. 2020ರ ಲಾಕ್‌ಡೌನ್ ವೇಳೆ ಕಬ್ಬನ್ ಪಾರ್ಕಿನೊಳಗೆ ವಾಹನ ಪೂರ್ತಿ ನಿಂತಿತ್ತು. ಹಾಗೇ ಇರಲಿ ಎಂದು ನಡಿಗೆಯವರು, ಸೈಕಲಿನವರು ಕೇಳಿಕೊಂಡರು. ಆಗಲಿಲ್ಲ, ವಾರದ ದಿನಗಳ ಸಂಚಾರ ಮತ್ತೆ ಬಂತು. ಸುತ್ತಲಿನ ರಸ್ತೆಗಳಲ್ಲಿ ದಟ್ಟಣೆ ಹೆಚ್ಚುತ್ತದೆ ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ಆದರೂ ಒಂದು ದಿನವಾದರೂ ಉಳಿದಿದೆಯಲ್ಲ.

ಇದಕ್ಕಿಂತ ದೊಡ್ಡದು ನೋಡಬೇಕಾದರೆ ಸ್ಪೇನಿನ ಮ್ಯಾಡ್ರಿಡ್. ಆ ಊರು ಹುಟ್ಟಿದ್ದೇ ಮುಸ್ಲಿಮರ ಕೈಯಲ್ಲಿ. ಒಂಬತ್ತನೇ ಶತಮಾನದಲ್ಲಿ ಕೊರ್ಡೊಬಾದ ಅಮೀರ್ ಒಂದನೇ ಮುಹಮ್ಮದ್ ಮಾನ್ಸನಾರೆಸ್ ನದಿಯ ದಂಡೆಯಲ್ಲಿ ಕಟ್ಟಿಸಿದ ಕೋಟೆ ‘ಮಜ್ರೀತ್’ ಎಂಬುದೇ ಮುಂದೆ ಮ್ಯಾಡ್ರಿಡ್ ಆಯಿತು. ಅದೇ ನದಿಯ ಆಚೆ ‘ಕಾಸಾ ದೆ ಕಾಂಪೊ’ ಎಂಬ ಕಾಡಿದೆ, 1,700 ಹೆಕ್ಟೇರಿಗೂ ಹೆಚ್ಚು. ಕಬ್ಬನ್ ಪಾರ್ಕಿನ ಹತ್ತು ಪಟ್ಟಿಗೂ ಮಿಕ್ಕಿ! ಬೇಸಗೆಯಲ್ಲಿ ಮಳೆಯಿಲ್ಲದ ಮೆಡಿಟರೇನಿಯನ್ ಹವೆ, ವರ್ಷವಿಡೀ ಎಲೆ ಉದುರಿಸದ ಓಕ್ ಮರಗಳು, ಪೈನ್ ಮರಗಳು. ರಾಜರ ಬೇಟೆಯ ಕಾಡಾಗಿದ್ದ ಇದನ್ನು 1931ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಒಳಗಿನ ರಸ್ತೆಗಳಲ್ಲಿ ಕಾರುಗಳು ಅಡ್ಡ ಹಾದುಹೋಗುವುದನ್ನು ಕ್ರಮೇಣ ನಿಲ್ಲಿಸಿದರು. ಈಗ ಅಲ್ಲಿನ ಡಾಂಬರು ಸೈಕಲಿಗೆ ಮೀಸಲಾದಂತೆಯೇ.

ಸ್ಪೇನ್ ದೂರ, ಗಲ್ಫ್ ನಮಗೆ ಪಕ್ಕದ ಮನೆ. ದುಬೈಯ ಮರಳುಗಾಡಿನ ಅಲ್ ಖುದ್ರಾದಲ್ಲಿ ಸೈಕಲಿಗೆಂದೇ ಹಾಕಿದ 80 ಕಿ.ಮೀ.ಗೂ ಹೆಚ್ಚಿನ ದಾರಿ ಇದೆ, ಕಾರಿಗೆ ಪ್ರವೇಶವಿಲ್ಲ. ಊರ ಒಳಗೇ ಇರುವ ಮುಶ್ರಿಫ್ ಪಾರ್ಕ್ ಘಾಫ್ ಮರಗಳ ತೋಪು. ಘಾಫ್ ಎಂದರೆ ಬೇರೇನಲ್ಲ, ನಮ್ಮ ಬಯಲುಸೀಮೆಯವರ ಬನ್ನಿ ಮರವೇ. ಅಲ್ಲಿರುವ ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ರಜೆಯ ದಿನ ಇಂಥ ಜಾಗಗಳಲ್ಲೇ ಸೈಕಲ್ ಕಲಿಯುತ್ತಾರೆ. ತಟ್ಟದ ಬುರ್ಖಾ ಉಟ್ಟು, ಹೆಲ್ಮೆಟ್ ಹಾಕಿ ತುಳಿಯುವ ಹೆಂಗಸರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಕ್ಕಳು ರಜೆಗೆ ಊರಿಗೆ ಬಂದರೆ ಸೈಕಲ್ ಮತ್ತೆ ಅಂಗಳಕ್ಕೆ ಸೀಮಿತ. ಹೆಣ್ಣುಮಕ್ಕಳು ಸೈಕಲ್ ತುಳಿಯದೇ ಇರುವುದಕ್ಕೆ ದೀನನ್ನು ಕಾರಣ ಹೇಳುವವರಿದ್ದಾರೆ. ನನಗೆ ಕಾಣುವ ಕಾರಣ ರಸ್ತೆ.

ಹಾಗೆಂದು ಸೈಕಲ್ ಹಿಡಿದು ಸಿಕ್ಕ ಕಾಡಿಗೆ ನುಗ್ಗುವುದಲ್ಲ. ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದವರಲ್ಲಿ ಸೈಕಲಿನವರೂ ಇದ್ದರು. ಯೋಜನೆ ಕೈಬಿಡಲಾಯಿತು. ಕಾಡಿಗೆ ಹೊಸ ದಾರಿ ಕೊರೆಯುವುದು ಬೇರೆ, ಇರುವ ರಸ್ತೆಯಿಂದ ಕಾರನ್ನು ಹೊರಗಿಡುವುದು ಬೇರೆ. ಎರಡನೆಯದರಲ್ಲಿ ಮರಕ್ಕೂ ನಷ್ಟವಿಲ್ಲ.

ಮಂಗಳೂರಿನಲ್ಲೂ ಇದು ಕಷ್ಟದ ಕೆಲಸವೇನಲ್ಲ. ಮರದ ನೆರಳಿರುವ, ವಾಹನ ಕಡಿಮೆಯಿರುವ ಒಂದು ತುಂಡು ರಸ್ತೆ, ವಾರಕ್ಕೆ ಮೂರು ಗಂಟೆ. ಪಿಲಿಕುಳದಂಥ ಜಾಗದ ಸುತ್ತಮುತ್ತ ಹುಡುಕಿದರೆ ಸಿಗದೇ ಹೋಗದು. ಕೇಳುವವರು ಬೇಕು. ಪಾಲಿಕೆಗೆ ಅರ್ಜಿ ಕೊಡಲು ಜಮಾಅತ್ ಕಮಿಟಿಗಳಿಗೆ, ಯುವಕ ಸಂಘಗಳಿಗೆ ಎಷ್ಟು ಹೊತ್ತು? ಸಮಯ ಗೊತ್ತುಮಾಡುವಾಗ ಮಾತ್ರ ಮಕ್ಕಳ ಮದ್ರಸ ನೆನಪಿರಲಿ, ನಮ್ಮಲ್ಲಿ ರವಿವಾರ ಬೆಳಗ್ಗೆಯೂ ತರಗತಿ ಇರುತ್ತದೆ, ರಜೆ ಶುಕ್ರವಾರ. ಅಸರ್ ನಮಾಜಿನ ನಂತರದ ಹೊತ್ತಾದರೆ ಎಲ್ಲರಿಗೂ ಅನುಕೂಲ.

ಅಲ್ಲಿಯ ತನಕ ಬೆಂಗಳೂರಿಗೆ ಹೋದಾಗ ಒಂದು ರವಿವಾರ ಕಬ್ಬನ್ ಪಾರ್ಕಿಗೆ ಹೋಗಿ ಬನ್ನಿ, ಮೆಟ್ರೊ ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಬೆಳಗ್ಗೆ ಬೇಗ ಹೋದಷ್ಟು ಒಳ್ಳೆಯದು, ಹತ್ತು ಗಂಟೆಯ ಮೇಲೆ ಜನಜಂಗುಳಿ. ಹೊಸದಾಗಿ ಕಲಿಯುವ ಉಮ್ಮಂದಿರು ಮುಂದಿನ ಅಡ್ಡಪೈಪ್ ತಗ್ಗಿರುವ ಲೇಡೀಸ್ ಸೈಕಲ್ ತೆಗೆದುಕೊಳ್ಳಿ. ಸೀಟನ್ನು ಎರಡೂ ಕಾಲು ನೆಲಕ್ಕೆ ಮುಟ್ಟುವಷ್ಟು ಇಳಿಸಿ. ಮೊದಲು ಪೆಡಲ್ ಬಿಟ್ಟು ಕಾಲಿನಿಂದ ನೂಕುತ್ತಾ ಹೋದರೆ ಸಮತೋಲ ಬೇಗ ಸಿಗುತ್ತದೆ. ಬುರ್ಖಾದ ಅಂಚು ಮತ್ತು ಶಾಲು ಚಕ್ರಕ್ಕೆ, ಚೈನಿಗೆ ಸಿಕ್ಕುವುದೇ ದೊಡ್ಡ ಅಪಾಯ. ಪೂರ್ತಿ ಚೈನ್ ಕವರ್ ಇರುವ ಸೈಕಲನ್ನೇ ಕೇಳಿ, ಹಿಂದಿನ ಚಕ್ರಕ್ಕೆ ಬಟ್ಟೆ ತಾಗದಂತೆ ಜಾಲರಿ ಹಾಕಿಸಿ, ಶಾಲಿನ ತುದಿಗಳನ್ನು ಪಿನ್ ಮಾಡಿಕೊಳ್ಳಿ.