ಕಡ್ಡಾಯ ಸೇವೆಯೂ ಕುಟುಂಬ ವೈದ್ಯರ ವ್ಯಾಸಂಗವೂ

ಕಿಕ್ಕೇರಿಯ ಕಡೆಯಾಗಲಿ ಚಿನಕುರಳಿಯ ಕಡೆಯಾಗಲಿ, ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯರನ್ನು ಊರಿನ ಹಿರಿಯರು ಮೊದಲು ಕೇಳುವ ಪ್ರಶ್ನೆ ರೋಗಕ್ಕೆ ಸಂಬಂಧಿಸಿದುದಲ್ಲ. “ತಾವು ಎಷ್ಟು ದಿವಸ ಇರ್ತೀರಿ, ಸ್ವಾಮಿ?” ಎಂಬುದೇ ಆ ಪ್ರಶ್ನೆ. ಇದರಲ್ಲಿ ಕುಹಕವೇನೂ ಇಲ್ಲ. ಒಬ್ಬರು ಬರೆದುಕೊಟ್ಟ ರಕ್ತದೊತ್ತಡದ ಮಾತ್ರೆಯನ್ನು ಮುಂದೆ ಬಂದವರು ಬದಲಾಯಿಸಿ, ಅವರ ತರುವಾಯದವರು ಪುನಃ ಮೊದಲಿನದನ್ನೇ ಬರೆದುಕೊಟ್ಟುದನ್ನು ಕಂಡವರು ಕೇಳತಕ್ಕ ನ್ಯಾಯವಾದ ಪ್ರಶ್ನೆಯೇ ಅದು.

ನಮ್ಮ ರಾಜ್ಯದಲ್ಲಿ ವೈದ್ಯಕೀಯ ವ್ಯಾಸಂಗ ಮುಗಿಸಿದವರು ಒಂದು ವರ್ಷಕಾಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸತಕ್ಕದ್ದೆಂದು 2012ನೆಯ ಇಸವಿಯ ಶಾಸನವು ವಿಧಿಸಿತು. ಖಾಲಿ ಇರುವ ಹುದ್ದೆಗಳ ಮಟ್ಟಿಗೆ ಮಾತ್ರ ಅದು ಅನ್ವಯವಾಗುವಂತೆ ಆಮೇಲೆ ತಿದ್ದುಪಡಿಯಾಯಿತು. ಆ ಶಾಸನದ ಹೆಸರನ್ನು ವಾಚಕರು ಗಮನಿಸಬೇಕು. ಅದು ಬರಿಯ ಕಡ್ಡಾಯ ಸೇವೆಯ ಶಾಸನವಲ್ಲ, ಕಡ್ಡಾಯ ಸೇವಾ ತರಬೇತಿಯ ಶಾಸನ. ಸೇವೆಯನ್ನು ಸರ್ಕಾರದವರು ಪಡೆದುಕೊಳ್ಳುತ್ತಿರುವರು. ತರಬೇತಿ ಎಲ್ಲಿ?

ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ದುಡಿದು ಬಂದ ತರುಣನಿಗೆ ವಿದ್ಯೆಯಿಲ್ಲವೆಂದು ಯಾರೂ ಹೇಳರು. ಆದರೆ ಆತನು ಕಲಿತ ಸ್ಥಳದಲ್ಲಿ ಹೃದಯಕ್ಕೊಂದು ವಿಭಾಗ, ಮೂಳೆಗೊಂದು ವಿಭಾಗ, ಮಕ್ಕಳಿಗೊಂದು ವಿಭಾಗ. ರೋಗಿಯು ಆಗಲೇ ವಿಂಗಡವಾಗಿಯೇ ಎದುರಿಗೆ ಬರುವನು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಆ ವಿಂಗಡಣೆಯೇ ವೈದ್ಯನ ಮುಖ್ಯ ಕೆಲಸ. ಎದೆ ಉರಿಯೆಂದು ಬಂದ ಹತ್ತು ಮಂದಿಯಲ್ಲಿ ಹೃದಯಾಘಾತವಾಗುತ್ತಿರುವವನು ಯಾವನೆಂದು ಆತನೇ ಕಂಡುಹಿಡಿಯಬೇಕು. ಬಗಲಲ್ಲಿ ನಿಂತು ತಿದ್ದುವ ಗುರುವಿಲ್ಲ. ಸಾಯಂಕಾಲ ಬಾಗಿಲು ಹಾಕಿದ ಮೇಲೆ ಆತನು ತೆರೆಯುವುದು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪುಸ್ತಕವನ್ನೇ ಹೊರತು ಬೆಳಿಗ್ಗೆ ನೋಡಿದ ರೋಗದ ಪುಸ್ತಕವನ್ನಲ್ಲ. ಇದಕ್ಕೆ ಆತನನ್ನು ದೂರಿ ಫಲವಿಲ್ಲ. ಮುಂದೆ ಹೋಗತಕ್ಕ ಮೆಟ್ಟಿಲು ಅದೊಂದೇ ಎಂದು ನಾವೇ ಅವನಿಗೆ ತೋರಿಸಿಕೊಟ್ಟಿರುವೆವು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಮೊದಲೆರಡರಲ್ಲಿ ನಾಲೆಯ ನೀರು, ಭತ್ತ, ಕಬ್ಬು. ನಾಗಮಂಗಲದ ಬಹುಭಾಗ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ಬೆದ್ದಲು ಸೀಮೆ. ಕೃಷ್ಣರಾಜಪೇಟೆಯಲ್ಲಿ ಎರಡೂ ಉಂಟು. ಭೂಮಿ ಬೇರೆಯಾದಂತೆ ರೋಗವೂ ಬೇರೆಯಾಗುವುದೆಂಬುದನ್ನು ಈ ಪ್ರಾಂತ್ಯವು ಬಹುಕಾಲದಿಂದ ಬಲ್ಲದು. 1799ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಇಂಗ್ಲಿಷರ ಸೈನ್ಯವು ಅಲ್ಲಿಯ ಚಳಿಜ್ವರವನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಿಡಾರವನ್ನು ಸಾಗಿಸಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದವರು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಗೆ ಕೇಂದ್ರಗಳನ್ನು ತೆರೆದಾಗ, ನಾಲೆಯ ಸೀಮೆಯ ಸೊಳ್ಳೆಯನ್ನು ಅರಿಯಲು ಆರಿಸಿದ ಸ್ಥಳವು ಶ್ರೀರಂಗಪಟ್ಟಣಕ್ಕೆ ಸಮೀಪದ ನಾಗೇನಹಳ್ಳಿ. ಮಲೆನಾಡಿಗೆ ಮೂಡಿಗೆರೆ, ಕೆರೆಯ ನಾಡಿಗೆ ಹಿರಿಯೂರು. ರೋಗವನ್ನು ಅದು ಹುಟ್ಟುವ ಸ್ಥಳದಲ್ಲಿಯೇ ಕುಳಿತು ಕಲಿಯಬೇಕೆಂಬ ವಿವೇಕವು ಆಗಿನವರಿಗೆ ಇತ್ತು.

ಈಗ ಇಲ್ಲಿ ಕಲಿಯತಕ್ಕುದೇನು? ಆಲೆಮನೆಯಲ್ಲಿ ಕುದಿಯುವ ಪಾಕ ಮೈಮೇಲೆ ಬಿದ್ದವರ ಸುಟ್ಟಗಾಯ. ಗಾಣಕ್ಕೆ ಸಿಕ್ಕಿದ ಕೈ. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದವನನ್ನು ಕೊಳಕುಮಂಡಲ ಕಚ್ಚಿದರೆ, ರಕ್ತವನ್ನು ಶುಭ್ರವಾದ ಗಾಜಿನ ನಳಿಕೆಗೆ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡಬೇಕು. ಕಟ್ಟದಿದ್ದರೆ ವಿಷವು ರಕ್ತಕ್ಕೆ ಏರಿದೆಯೆಂದು ತಿಳಿದು ಪ್ರತಿವಿಷವನ್ನು ಕೂಡಲೆ ಆರಂಭಿಸಬೇಕು. ಯಂತ್ರವೇನೂ ಬೇಡದ ಪರೀಕ್ಷೆ ಇದು. ಬೇಕಾದುದು ಧೈರ್ಯ, ಮತ್ತು ಒಮ್ಮೆಯಾದರೂ ಬಲ್ಲವರ ಸಮಕ್ಷಮದಲ್ಲಿ ಮಾಡಿದ ಅಭ್ಯಾಸ. ಮೇಲುಕೋಟೆಯ ವೈರಮುಡಿಯ ಜನಸಂದಣಿಯುಂಟು. 2023ರಲ್ಲಿ ಆರಂಭವಾದ ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತಗಳು, ಬೆಳ್ಳೂರು ಕ್ರಾಸಿನ ಮಂಗಳೂರು ರಸ್ತೆಯವು ಬೇರೆ. ಇವೆಲ್ಲಕ್ಕಿಂತ ಕಠಿಣವಾದುದು ಇನ್ನೊಂದು. 2015ರಲ್ಲಿ ಕಬ್ಬಿನ ಬಾಕಿಯೂ ಸಾಲವೂ ಸೇರಿ ಈ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಮೇಲೊಂದು ನಡೆದುವು. ನಿದ್ರೆ ಬಾರದೆಂದು, ಹೊಟ್ಟೆನೋವೆಂದು ಆಸ್ಪತ್ರೆಗೆ ಬರುವ ಗೃಹಸ್ಥನ ಮಾತಿನ ಹಿಂದೆ ಏನಿದೆಯೆಂಬುದನ್ನು ಆತನ ಮನೆಯನ್ನು ಬಲ್ಲ ವೈದ್ಯನು ಊಹಿಸಬಲ್ಲನು. ಹನ್ನೊಂದು ತಿಂಗಳಿಗೆ ಗಂಟುಕಟ್ಟುವವನಿಗೆ ಅದು ಹೇಗೆ ಗೊತ್ತಾದೀತು?

ಆದುದರಿಂದ ನಾವು ಹೇಳುವುದು ಇಷ್ಟು: ಆ ಒಂದು ವರ್ಷವನ್ನು ಎರಡು ವರ್ಷದ ಕುಟುಂಬ ವೈದ್ಯ ಫೆಲೋಷಿಪ್ಪಿನ ಮೊದಲ ಭಾಗವನ್ನಾಗಿ ಮಾಡಿ, ಒಪ್ಪಿದವರಿಗೆ ಕೊಡಬೇಕು. ಇದು ಹೊಸ ಕಲ್ಪನೆಯಲ್ಲ. 1946ರ ಭೋರ್ ಸಮಿತಿಯು ಭಾರತಕ್ಕೆ ಬೇಕಾದ ವೈದ್ಯನು ಸಮಾಜವೈದ್ಯನೆಂದು ಹೇಳಿ, ಅದಕ್ಕಾಗಿ ಪ್ರತ್ಯೇಕ ಶಿಕ್ಷಣವನ್ನು ಸೂಚಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ದೂರದ ಸಣ್ಣ ಮಿಷನ್ ಆಸ್ಪತ್ರೆಗಳಲ್ಲಿ ಕರಾರಿನ ಸೇವೆ ಮಾಡುವ ಯುವಕ ವೈದ್ಯರಿಗೆ, ಅವರು ಇದ್ದ ಸ್ಥಳದಲ್ಲಿಯೇ ಕಲಿಯುವಂತೆ ಒಂದು ವರ್ಷದ ಫೆಲೋಷಿಪ್ಪನ್ನು ಆ ಸಂಸ್ಥೆಯವರು ಏರ್ಪಡಿಸಿದರು. ಕುಟುಂಬ ವೈದ್ಯದಲ್ಲಿ ಸ್ನಾತಕೋತ್ತರ ಪದವಿಯನ್ನು ಕಲ್ಲಿಕೋಟೆಯ ಸರ್ಕಾರಿ ಕಾಲೇಜು 2010ರ ದಶಕದಲ್ಲಿಯೇ ಆರಂಭಿಸಿತು. ರಾಷ್ಟ್ರೀಯ ಪರೀಕ್ಷಾ ಮಂಡಲಿಯವರು 2020ರಲ್ಲಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ ಕುಟುಂಬ ವೈದ್ಯವೂ ಒಂದು; ನೂರು ಹಾಸಿಗೆಯ ಆಸ್ಪತ್ರೆಗೆ ಅವನ್ನು ನಡೆಸುವ ಅವಕಾಶವಿತ್ತು. ನಮ್ಮ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ ಆ ದರ್ಜೆಯವೇ ಅಲ್ಲವೆ?

ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರಾಗಿ ಹೊಸದಾಗಿ ತೇರ್ಗಡೆಯಾದವರಿಗೆ 2020ರಿಂದ ಎರಡು ವರ್ಷದ ಫೆಲೋಷಿಪ್ಪು ಇತ್ತು. ವಾರಕ್ಕೆ ಅರ್ಧ ದಿವಸ ಕಲಿಕೆಗೂ ಹಿರಿಯರ ಸಲಹೆಗೂ ಮೀಸಲು. ಹಣದ ಏರ್ಪಾಡು ನಿಂತು 2024ರಲ್ಲಿ ಅದು ಮುಗಿಯಿತು. ಇಂಥ ಏರ್ಪಾಡಿಗೆ ಆಯವ್ಯಯದಲ್ಲಿ ಸ್ಥಿರವಾದ ಸ್ಥಾನವಿರಬೇಕೆಂಬುದನ್ನು ನಮ್ಮವರು ಇದರಿಂದ ಕಲಿಯಬಹುದು.

ಗುರುಗಳಿಗೆ ಇಲ್ಲಿ ಕೊರತೆಯಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ, ಬಿ. ಜಿ. ನಗರದಲ್ಲಿ, 1986ರಿಂದ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ. ಶ್ರೀರಂಗಪಟ್ಟಣದಿಂದ ಹೊಳೆ ದಾಟಿದರೆ 1924ರಲ್ಲಿ ಸ್ಥಾಪಿತವಾದ ಮೈಸೂರು ಮೆಡಿಕಲ್ ಕಾಲೇಜು. ಆ ಕಾಲೇಜಿನ ವಿದ್ಯಾರ್ಥಿಗಳೇ 1984ರಲ್ಲಿ ಸ್ವಾಮಿ ವಿವೇಕಾನಂದ ಯುವಜನ ಚಳವಳಿಯನ್ನು ಕಟ್ಟಿ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋದರು. ಹಳ್ಳಿಗೆ ಹೋಗಲು ತರುಣರಿಗೆ ಮನಸ್ಸಿಲ್ಲವೆಂಬ ಮಾತು ಆದುದರಿಂದ ಪೂರ್ಣ ಸತ್ಯವಲ್ಲ. ಗುರುಗಳು ಹದಿನೈದು ದಿವಸಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದು ಅಲ್ಲಿಯ ರೋಗಿಗಳನ್ನೇ ಮುಂದಿಟ್ಟುಕೊಂಡು ಪಾಠ ಹೇಳಲಿ. ಶಿಷ್ಯರು ಹೆರಿಗೆ, ಅರಿವಳಿಕೆ, ಮಕ್ಕಳ ಚಿಕಿತ್ಸೆ, ಮನೋರೋಗಗಳಿಗೆ ತಲಾ ಕೆಲವು ವಾರ ಕಾಲೇಜಿಗೆ ಹೋಗಿಬರಲಿ. ಉಳಿದ ಕಾಲವೆಲ್ಲ ಒಂದೇ ಆರೋಗ್ಯ ಕೇಂದ್ರ, ಅದೇ ಊರು, ಅದೇ ಮನೆಗಳು.

ಒಂದು ಭಯವನ್ನು ಮುಚ್ಚಿಡಬಾರದು. ಖಾಲಿ ಹುದ್ದೆಗೆ ಅಗ್ಗದ ಆಳನ್ನು ಹಿಡಿಯುವ ಉಪಾಯವಾಗಿ ಫೆಲೋಷಿಪ್ಪೆಂಬ ಹೆಸರು ಬಳಕೆಯಾಗುವುದುಂಟು. ಕೊನೆಗೆ ದೊರೆಯುವ ಪ್ರಮಾಣಪತ್ರಕ್ಕೆ ನೇಮಕದಲ್ಲಿಯೂ ಬಡ್ತಿಯಲ್ಲಿಯೂ ಬೆಲೆಯಿಲ್ಲದಿದ್ದರೆ ಅದು ಚೌಕಟ್ಟು ಹಾಕಿಸುವ ಕಾಗದವಷ್ಟೆ. ವೇತನವು ಖಾಯಂ ವೈದ್ಯಾಧಿಕಾರಿಯದಕ್ಕೆ ಕಡಿಮೆಯಾಗಕೂಡದು. ವಾರದಲ್ಲಿ ಒಂದು ದಿವಸ ವ್ಯಾಸಂಗಕ್ಕೆಂದು ಬಿಟ್ಟುದನ್ನು ಲಸಿಕೆಯ ಅಭಿಯಾನಕ್ಕೋ ಸಭೆಗೋ ಯಾರೂ ಕಸಿದುಕೊಳ್ಳಕೂಡದು. ಹೊಸ ವೈದ್ಯರಲ್ಲಿ ಹೆಣ್ಣುಮಕ್ಕಳು ಅನೇಕರಿರುವುದರಿಂದ ಬೀಗ ಭದ್ರವಾದ ವಸತಿಯೂ ರಾತ್ರಿಯ ಕಾವಲೂ ಮೊದಲೇ ಸಿದ್ಧವಾಗಿರಬೇಕು. ಗೋಡೆ ಸೋರುವ ಕ್ವಾರ್ಟರ್ಸನ್ನು ತೋರಿಸಿ ಸೇವಾಮನೋಭಾವವನ್ನು ಬೋಧಿಸುವುದು ಅನ್ಯಾಯ.

ನಾಲ್ಕು ತಾಲ್ಲೂಕಿಗೂ ಏಕಕಾಲದಲ್ಲಿ ದೊಡ್ಡ ಯೋಜನೆ ಬೇಡ. ಮೊದಲ ವರ್ಷ ತಾಲ್ಲೂಕಿಗೆ ಇಬ್ಬರಂತೆ ಎಂಟು ಮಂದಿ ಸಾಕು. ಎರಡು ವಿಶ್ವವಿದ್ಯಾನಿಲಯಗಳೂ ಆರೋಗ್ಯ ಇಲಾಖೆಯವರೂ ಒಂದು ಮೇಜಿನ ಸುತ್ತ ಕುಳಿತರೆ ಪಠ್ಯಕ್ರಮವನ್ನು ಸಿದ್ಧಪಡಿಸಬಹುದು. ಈ ಸಾಲಿನ ವಿದ್ಯಾರ್ಥಿಗಳ ಇಂಟರ್ನ್‌ಷಿಪ್ಪು ಮುಗಿಯುವುದರೊಳಗಾಗಿ ಆಜ್ಞೆ ಹೊರಡಬೇಕು; ಅನಂತರ ಹೊರಟರೆ, ಆ ಎಂಟು ಮಂದಿ ಆಗಲೇ ಕೋಚಿಂಗ್ ತರಗತಿಗಳಿಗೆ ಹಣ ಕಟ್ಟಿರುವರು.