ಬೊಂಬೆ ಬೆಸೆದ ವಿಡಿಯೋ ಆಟಗಳ ಏಳುಬೀಳು

ಪೀಠದ ಮೇಲಿರಿಸಿದ ಬೊಂಬೆಯು ತೆರೆಯ ಮೇಲೆ ಸಜೀವವಾಗಿ ಚಲಿಸುವಂತೆ ತೋರುವ 'ಸ್ಕೈಲ್ಯಾಂಡರ್ಸ್' ಎಂಬ ವಿಡಿಯೋ ಆಟವನ್ನು ಅಮೆರಿಕದ ಆಕ್ಟಿವಿಷನ್ ಸಂಸ್ಥೆಯು 2011ರಲ್ಲಿ ಹೊರತಂದಿತು. ಬೊಂಬೆಯ ತಳದಲ್ಲಿ ಅಡಗಿದ್ದ ಚಿಪ್ ರೇಡಿಯೋ ತರಂಗಗಳ ಮೂಲಕ ಪೀಠದೊಡನೆ ವ್ಯವಹರಿಸಿ, ಪಾತ್ರವು ಗಳಿಸಿದ ಶಕ್ತಿಯನ್ನು ತನ್ನಲ್ಲಿಯೇ ದಾಖಲಿಸಿಕೊಳ್ಳುತ್ತಿತ್ತು. ಬಾಲಕನು ಬೊಂಬೆಯನ್ನು ಗೆಳೆಯನ ಮನೆಗೆ ಒಯ್ದರೆ ಅದರ ಚರಿತ್ರೆಯೂ ಜೊತೆಯಲ್ಲಿ ಹೋಗುತ್ತಿತ್ತು. ಆಕರ್ಷಣೆಯ ಮೂಲವು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

2013ರಲ್ಲಿ 'ಡಿಸ್ನಿ ಇನ್ಫಿನಿಟಿ'ಯೂ 2015ರಲ್ಲಿ 'ಲೆಗೋ ಡೈಮೆನ್ಷನ್ಸ್' ಆಟವೂ ಬಂದುವು. ಆಟದ ಕೆಲವು ಭಾಗಗಳು ನಿರ್ದಿಷ್ಟ ಬೊಂಬೆಗಳಿಲ್ಲದೆ ತೆರೆಯುತ್ತಿರಲಿಲ್ಲವಾದ ಕಾರಣ ತಂದೆತಾಯಿಗಳ ವೆಚ್ಚ ಏರಿತು. ವರ್ಷವರ್ಷವೂ ಹೊಸ ಬೊಂಬೆಗಳು ಬಂದುದರಿಂದ ಹಳೆಯ ಸರಕು ಅಂಗಡಿಗಳಲ್ಲಿಯೇ ಉಳಿಯಿತು. 2016ರಲ್ಲಿ ಡಿಸ್ನಿಯೂ 2017ರಲ್ಲಿ ಲೆಗೋ ಆಟವೂ ನಿಂತುಹೋದುವು. 2014ರಲ್ಲಿ ಆರಂಭವಾದ ನಿಂಟೆಂಡೋ ಸಂಸ್ಥೆಯ 'ಅಮೀಬೋ' ಮಾತ್ರ ಬಾಳಿತು. ಒಂದೇ ಬೊಂಬೆಯು ಹಲವು ಆಟಗಳಿಗೆ ಒದಗುತ್ತಿದ್ದುದೂ, ಬಹುಮಟ್ಟಿಗೆ ಅದಿಲ್ಲದೆಯೂ ಆಡಬಹುದಾಗಿದ್ದುದೂ ಇದಕ್ಕೆ ಕಾರಣ.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾಣ್ಯವನ್ನು ಓದಲು ಕಣ್ಣೂ ಲಿಪಿಜ್ಞಾನವೂ ಸಾಕು. ಈ ಬೊಂಬೆಯೊಳಗಿನ ದಾಖಲೆಯನ್ನು ಅರಿಯಲು ಅದರ ಪೀಠ, ಯಂತ್ರ, ಆಟ ಮೂರೂ ಬೇಕು. ಬೊಂಬೆಯನ್ನು ಮಾತ್ರ ಕಾಪಾಡಿದ ವಸ್ತುಸಂಗ್ರಹಾಲಯದಲ್ಲಿ ಉಳಿಯುವುದು ಮೂಕಸಾಕ್ಷಿಯೇ. ಆದುದರಿಂದ ಇವನ್ನು ಒಟ್ಟಾಗಿ ಸಂಗ್ರಹಿಸುವ ಕಾರ್ಯವು ಈಗಲೇ ಆಗತಕ್ಕದ್ದು.