ಮಂಜುಗಡ್ಡೆ ಕರಗಿದರೆ ಲೋಟ ತುಳುಕೀತೇ?

ಏಪ್ರಿಲ್ ತಿಂಗಳ ಉರಿಬಿಸಿಲು. ಹಾನಗಲ್ಲಿನಲ್ಲಿ ಬಸ್ ಇಳಿದು ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತಿದ್ದೀರಿ ಎನ್ನಿ. ಅಂಗಡಿಯಾತ ಮಂಜುಗಡ್ಡೆಯ ಚೂರೊಂದನ್ನು ಲೋಟಕ್ಕೆ ಹಾಕಿ, ಕಂಠಮಟ್ಟ ಹಾಲು ತುಂಬಿ ಕೈಗಿಡುತ್ತಾನೆ. ಗಡ್ಡೆಯ ತುದಿ ಲೋಟದ ಅಂಚಿಗಿಂತ ಮೇಲೆ ಇಣುಕುತ್ತಿದೆ. ಅದು ಪೂರ್ತಿ ಕರಗಿದರೆ ಲೋಟ ತುಳುಕೀತೇ?

ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಹಾನಗಲ್ಲ ಎಂದು ವರ್ಗವಾದ ಕಡೆಯಲ್ಲೆಲ್ಲ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಕೇಳುತ್ತ ಬಂದಿದ್ದೇನೆ. (ಕಬ್ಬಿನ ಹಾಲಲ್ಲ, ನೀರು ಎನ್ನುತ್ತೇನೆ. ಕಾರಣ ಆಮೇಲೆ.) ಬಹಳಷ್ಟು ಮಕ್ಕಳು ‘ತುಳುಕ್ತೈತ್ರೀ ಸರ್’ ಎನ್ನುತ್ತಾರೆ. ಪಾಲಕರದ್ದೂ ಅದೇ ಉತ್ತರ. ಮೇಲೆ ಕಾಣುವ ಭಾಗವೂ ನೀರಾಗುವುದಲ್ಲ, ಅದಕ್ಕೆ ಜಾಗವೆಲ್ಲಿದೆ ಎಂಬುದು ಅವರ ವಾದ.

ಲೆಕ್ಕ ಹಾಕಿ ನೋಡೋಣ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ 100 ಗ್ರಾಂ ಮಂಜುಗಡ್ಡೆಯ ಗಾತ್ರ ಸುಮಾರು 109 ಘನ ಸೆಂ.ಮೀ. ಆರ್ಕಿಮಿಡೀಸನ ತತ್ವದ ಪ್ರಕಾರ ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಎಂದರೆ 100 ಗ್ರಾಂ ನೀರು, 100 ಘನ ಸೆಂ.ಮೀ. ಜಾಗ. ಮಿಕ್ಕ 9 ಮಾತ್ರ ಮೇಲೆ ಇಣುಕುತ್ತದೆ. ಕರಗಿದ ಮೇಲೆ ಆ 100 ಗ್ರಾಂ ನೀರಿಗೆ ಬೇಕಾದದ್ದೂ ಅಷ್ಟೇ ಜಾಗ. ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಗಡ್ಡೆ ತನ್ನ ನೀರಿಗೆ ಮೊದಲೇ ಜಾಗ ಹಿಡಿದಿರುತ್ತದೆ. ನೀರಿನ ಮಟ್ಟ ಕದಲುವುದಿಲ್ಲ.

ಇಷ್ಟನ್ನು ವರ್ಷಗಟ್ಟಲೆ ಧೈರ್ಯವಾಗಿ ಹೇಳಿದೆ. ಶಿಗ್ಗಾಂವಿ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿದ್ದಾಗ ಮಕ್ಕಳಿಗೆ ಇದನ್ನು ಮನೆಯಲ್ಲಿ ಮಾಡಿ ನೋಡಲು ಹೇಳಿದ್ದೆ. ಒಬ್ಬ ಹುಡುಗಿ ‘ನೀರು ಅರ್ಧ ಬೆರಳು ಏರಿತು’ ಎಂದು ಬರೆದು ತಂದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹೊಡೆದೆ. ಸಾಲದ್ದಕ್ಕೆ, ಕಣ್ಣು ಬಿಟ್ಟು ನೋಡಬೇಕು ಎಂದು ಎಲ್ಲರೆದುರು ಗದರಿದೆ. ಮರುದಿನ ಅವಳು ಥರ್ಮಾಸಿನಲ್ಲಿ ಮಂಜುಗಡ್ಡೆ, ಕೈಯಲ್ಲಿ ಒಂದು ಗಾಜಿನ ಲೋಟ ಹಿಡಿದು ಶಿಕ್ಷಕರ ಕೋಣೆಗೆ ಬಂದಳು. ಲೋಟ ಕಿರಿದು, ನೀರು ಕಡಿಮೆ, ಗಡ್ಡೆ ದೊಡ್ಡದು. ನನ್ನ ಕಣ್ಣೆದುರೇ ನೀರು ಅವಳು ಹಾಕಿದ ಗೆರೆ ದಾಟಿತು. ಎರಡನೆಯ ಸಲ ಮಾಡಿಸಿದಾಗ ಗೊತ್ತಾಯಿತು: ಗಡ್ಡೆ ತೇಲುತ್ತಲೇ ಇರಲಿಲ್ಲ, ಲೋಟದ ತಳಕ್ಕೆ ಕೂತಿತ್ತು! ಅದರ ತೂಕದ ಒಂದು ಪಾಲನ್ನು ಲೋಟದ ತಳವೇ ಹೊತ್ತಿದ್ದರಿಂದ ಅದು ತಳ್ಳಿದ ನೀರು ಕಡಿಮೆ. ಕರಗಿದಾಗ ಹೆಚ್ಚಿನ ಜಾಗ ಬೇಕಾಯಿತು. ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಆದರೆ ಗದರಿದ್ದು ಇಡೀ ತರಗತಿಯಲ್ಲಿ, ತಪ್ಪೊಪ್ಪಿದ್ದು ಕೋಣೆಯೊಳಗೆ. ಅದು ಈಗಲೂ ಚುಚ್ಚುತ್ತದೆ.

ಕೂತ ಗಡ್ಡೆ, ತೇಲುವ ಗಡ್ಡೆ ಎಂಬ ಈ ಭೇದವೇ ಭೂಗೋಳದಲ್ಲೂ ಮುಖ್ಯ. ಉತ್ತರ ಧ್ರುವದ ಸುತ್ತಲಿನ ಸಮುದ್ರದ ಹಿಮ ತೇಲುತ್ತಿದೆ. ಅದು ಕರಗಿದರೆ ಕಡಲ ಮಟ್ಟ ಹೆಚ್ಚೇನೂ ಏರದು. ಗ್ರೀನ್‌ಲ್ಯಾಂಡಿನ ಹಿಮ ನೆಲದ ಮೇಲೆ ಕೂತಿದೆ. ಅದಷ್ಟೂ ಕರಗಿದರೆ ಜಗತ್ತಿನ ಕಡಲು ಸರಾಸರಿ 7 ಮೀಟರಿನಷ್ಟು ಏರುತ್ತದೆ. ಅದಕ್ಕೆ ನೂರಾರು, ಸಾವಿರಾರು ವರ್ಷ ಬೇಕು, ನಿಜ. ಆದರೆ ಕಾರವಾರ, ಹೊನ್ನಾವರದವರಿಗೆ ಒಂದು ಮೀಟರೂ ಸಣ್ಣ ಮಾತಲ್ಲ.

2002ರಲ್ಲಿ ಅಂಟಾರ್ಕ್ಟಿಕಾದ ‘ಲಾರ್ಸೆನ್ ಬಿ’ ಎಂಬ ಹಿಮಚಾಚಿನ ಸುಮಾರು 3,250 ಚದರ ಕಿ.ಮೀ. ಭಾಗ ಕೆಲವೇ ವಾರಗಳಲ್ಲಿ ಚೂರುಚೂರಾಯಿತು. ಅದು ತೇಲುತ್ತಿದ್ದದ್ದರಿಂದ ಕಡಲನ್ನು ತಾನಾಗಿ ಏರಿಸಲಿಲ್ಲ. ಆದರೆ ಹಿಂದಿನ ಹಿಮನದಿಗಳಿಗೆ ಅದು ಬಿರಡೆಯಂತಿತ್ತು. ಬಿರಡೆ ಹೋದ ಮೇಲೆ ನೆಲದ ಮೇಲಿದ್ದ ಹಿಮ ಸಮುದ್ರದತ್ತ ಹಲವು ಪಟ್ಟು ಬೇಗ ಜಾರತೊಡಗಿತು.

ಇನ್ನು ಕಬ್ಬಿನ ಹಾಲು. ಸಕ್ಕರೆ ಕರಗಿರುವ ಅದರ ಸಾಂದ್ರತೆ ನೀರಿಗಿಂತ ಹೆಚ್ಚು. ಆದ್ದರಿಂದ ಗಡ್ಡೆ ತಳ್ಳುವ ಹಾಲು 100 ಘನ ಸೆಂ.ಮೀ.ಗಿಂತ ಕಡಿಮೆ, ಕರಗಿ ಬರುವ ನೀರು ಮಾತ್ರ 100. ಮಟ್ಟ ಕೂದಲೆಳೆಯಷ್ಟು ಏರುತ್ತದೆ. ಉಪ್ಪುನೀರಿನ ಕಡಲಲ್ಲೂ ಹೀಗೇ. ಅದಕ್ಕೇ ಮೇಲೆ ‘ಹೆಚ್ಚೇನೂ’ ಎಂಬ ಪದ ಸೇರಿಸಿದ್ದು.

ಈ ರವಿವಾರ ಮನೆಯಲ್ಲೇ ಮಾಡಬಹುದಾದ್ದೊಂದಿದೆ. ಹಾನಗಲ್ಲಿನ ಆನೆಕೆರೆಯಲ್ಲಿ ಹರಿಗೋಲಿನೊಳಗೆ ಕೂತವನೊಬ್ಬ ಅದರಲ್ಲಿದ್ದ ಕಲ್ಲುಗುಂಡನ್ನು ನೀರಿಗೆ ಎಸೆದ ಎಂದುಕೊಳ್ಳಿ. ಕೆರೆಯ ನೀರು ಏರುತ್ತದೋ, ಇಳಿಯುತ್ತದೋ, ಇದ್ದಲ್ಲೇ ಇರುತ್ತದೋ? ಕೆರೆಗೆ ಬದಲು ಸಣ್ಣ ಡಬ್ಬಿ, ಹರಿಗೋಲಿಗೆ ಬದಲು ಸ್ಟೀಲಿನ ಬಟ್ಟಲು ಸಾಕು. ಕಲ್ಲು ಮಾತ್ರ ಸ್ವಲ್ಪ ದೊಡ್ಡದಿರಲಿ.